ನಿಲ್ಲದ ಗಾಡಿಗೆ ಪ್ರಯಾಣಿಕರು ಎಲ್ಲಿಂದ ಬಂದಾರು?

2025ರ ಆಗಸ್ಟ್ 10ರಂದು ಪ್ರಧಾನಿ ನರೇಂದ್ರ ಮೋದಿ ಬೆಂಗಳೂರಿನಲ್ಲಿ ಹಸಿರು ನಿಶಾನೆ ತೋರಿಸಿದ ಮೇಲೆ ಬೆಳಗಾವಿಗೂ ತನ್ನದೇ ಆದ ಒಂದು ವಂದೇ ಭಾರತ್ ಸಿಕ್ಕಿತು. ನಸುಕಿನ 5.20ಕ್ಕೆ ಬೆಳಗಾವಿ ಬಿಟ್ಟ ಗಾಡಿ 611 ಕಿ.ಮೀ. ಓಡಿ, ಮಧ್ಯಾಹ್ನ ಎರಡರೊಳಗೆ ಬೆಂಗಳೂರು ಮುಟ್ಟುತ್ತದೆ. ಹೊರಟು ಅರ್ಧ ಗಂಟೆ ಆಗುವಷ್ಟರಲ್ಲಿ ಅದು ಖಾನಾಪುರವನ್ನು ದಾಟಿರುತ್ತದೆ. ಅಲ್ಲಿ ನಿಲ್ಲುವುದಿಲ್ಲ, ಮುಂದೆ ಲೋಂಡಾದಲ್ಲೂ ನಿಲ್ಲುವುದಿಲ್ಲ. ಮೊದಲ ನಿಲುಗಡೆ ಧಾರವಾಡ. ಅದಕ್ಕೂ ಮೊದಲು, 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪುಣೆ–ಹುಬ್ಬಳ್ಳಿ ವಂದೇ ಭಾರತ್ ಕೂಡ ಇದೇ ರೀತಿ ಬೆಳಗಾವಿ ಬಿಟ್ಟರೆ ಧಾರವಾಡದಲ್ಲೇ ಉಸಿರು ಬಿಡುತ್ತದೆ.

ಇದರಲ್ಲಿ ತಪ್ಪು ಹುಡುಕುವುದು ಸರಿಯಲ್ಲ. ಊರೂರಿಗೂ ನಿಂತರೆ ವೇಗದ ಗಾಡಿ ಎಂಬ ಹೆಸರಿಗೆ ಅರ್ಥವೇ ಇರುವುದಿಲ್ಲ. ತಕರಾರಿರುವುದು ಆಮೇಲಿನ ಲೆಕ್ಕದ ಬಗ್ಗೆ. ವರ್ಷದ ಕೊನೆಗೆ ಪುಸ್ತಕ ತೆರೆದು, ಬೆಳಗಾವಿಯಲ್ಲಿ ಹತ್ತುವವರು ಇಷ್ಟು, ಖಾನಾಪುರದಲ್ಲಿ ಇಷ್ಟೇ, ಆದ್ದರಿಂದ ಖಾನಾಪುರಕ್ಕೆ ಬೇಡಿಕೆ ಇಲ್ಲ ಎಂದು ಷರಾ ಬರೆಯುವ ರೂಢಿ ರೈಲ್ವೆಯಲ್ಲಿ ಹಳೆಯದು. ಅಂಗಡಿಗೆ ಬೀಗ ಹಾಕಿ, ಗಿರಾಕಿ ಬರುತ್ತಿಲ್ಲ ಎಂದು ಗೊಣಗಿದ ಹಾಗೆ.

ಸಂಖ್ಯೆ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡಬೇಕು. 2017ರಿಂದ ಈಚೆಗೆ ದೇಶದ ನಿಲ್ದಾಣಗಳಿಗೆ ದರ್ಜೆ ಕೊಡುವಾಗ ರೈಲ್ವೆ ಮುಖ್ಯವಾಗಿ ಎರಡು ಸಂಗತಿ ನೋಡುತ್ತದೆ: ವರ್ಷದ ಟಿಕೆಟ್ ಆದಾಯ ಮತ್ತು ಅಲ್ಲಿಂದ ಹೊರಡುವ ಪ್ರಯಾಣಿಕರ ಸಂಖ್ಯೆ. ಉಪನಗರ ರೈಲಿಲ್ಲದ ಊರುಗಳಿಗೆ ಆರು ದರ್ಜೆಗಳಿವೆ. ಮೇಲಿನ ದರ್ಜೆಯ ಮಾನದಂಡ 500 ಕೋಟಿ ರೂಪಾಯಿ ಆದಾಯ, 2 ಕೋಟಿ ಪ್ರಯಾಣಿಕರು. ಕೆಳಗಿನದರಲ್ಲಿ 1 ಕೋಟಿ ರೂಪಾಯಿಯೊಳಗೆ, 10 ಲಕ್ಷದೊಳಗೆ. ಪ್ಲಾಟ್‌ಫಾರ್ಮಿನ ಮೇಲೆ ಎಷ್ಟು ಉದ್ದ ಚಾವಣಿ, ಎಷ್ಟು ನಲ್ಲಿ, ಎಷ್ಟು ಬೆಂಚು, ಎಷ್ಟು ಶೌಚಾಲಯ ಎಂಬುದೆಲ್ಲ ಈ ದರ್ಜೆಯನ್ನು ಹಿಡಿದೇ ತೀರ್ಮಾನವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಶಬ್ದ ‘ಹೊರಡುವ’. ಇಳಿಯುವವರು ಈ ಲೆಕ್ಕದಲ್ಲಿಲ್ಲ. ಖಾನಾಪುರದ ಒಬ್ಬ ವಿದ್ಯಾರ್ಥಿಯನ್ನು ತೆಗೆದುಕೊಳ್ಳಿ. ಬೆಳಗ್ಗೆ ಕಾಲೇಜಿನ ಹೊತ್ತಿಗೆ ಹೊಂದುವ ಗಾಡಿ ಇಲ್ಲದ್ದರಿಂದ ಅವನು ಬಸ್ಸಿನಲ್ಲಿ ಬೆಳಗಾವಿಗೆ ಹೋಗುತ್ತಾನೆ. ಸಂಜೆ ಸಿಕ್ಕರೆ ರೈಲು ಹಿಡಿದು ಮರಳುತ್ತಾನೆ. ರೈಲ್ವೆಯ ಪುಸ್ತಕದಲ್ಲಿ ಅವನು ಬೆಳಗಾವಿಯ ಪ್ರಯಾಣಿಕ. ಖಾನಾಪುರದ ಖಾತೆಗೆ ಅವನಿಂದ ಸೊನ್ನೆ. ಬೆಂಗಳೂರಿಗೆ ಹೊರಟ ಕುಟುಂಬವೊಂದು ಟೆಂಪೊ ಹಿಡಿದು ಬೆಳಗಾವಿಗೆ ಬಂದು ರಾತ್ರಿ ಗಾಡಿ ಹತ್ತಿದರೂ ಅಷ್ಟೇ. ಸೀಟು ಸುಲಭವಾಗಿ ಸಿಗುತ್ತದೆಂದು ಬೆಳಗಾವಿಯಿಂದಲೇ ಟಿಕೆಟ್ ತೆಗೆಸಿ, ಹತ್ತುವ ಜಾಗವನ್ನು ಮುಂದಿನ ನಿಲ್ದಾಣಕ್ಕೆ ಬದಲಿಸಿಕೊಳ್ಳುವವರೂ ಉಂಟು. ಸಣ್ಣ ನಿಲ್ದಾಣದ ಜನ ಹೀಗೆ ಸದ್ದಿಲ್ಲದೆ ದೊಡ್ಡ ನಿಲ್ದಾಣದ ಲೆಕ್ಕಕ್ಕೆ ಜಮಾ ಆಗುತ್ತಾರೆ.

ಇನ್ನೊಂದು ಬಗೆಯವರೂ ಇದ್ದಾರೆ, ಅವರನ್ನೂ ಮುಚ್ಚಿಡುವುದು ಬೇಡ. ಕೌಂಟರಿನ ಮುಂದೆ ಸಾಲು, ಅತ್ತ ಗಾಡಿ ಸಿಳ್ಳೆ ಹಾಕಿತು, ಟಿಕೆಟ್ ಇಲ್ಲದೆಯೇ ಜನರಲ್ ಡಬ್ಬಿ ಹತ್ತಿಬಿಡುವವರು. ಟಿಸಿ ಕೈಗೆ ಸಿಕ್ಕರೆ ಕನಿಷ್ಠ 250 ರೂಪಾಯಿ ದಂಡ; ಸಿಗದಿದ್ದರೆ ಪ್ರಯಾಣವಂತೂ ಆಯಿತು, ಊರಿನ ಲೆಕ್ಕಕ್ಕೆ ಮಾತ್ರ ಒಂದು ತಲೆ ಕಡಿಮೆ. ಸ್ಟಾಪ್ ಬೇಕೆಂದು ಧರಣಿ ಕೂಡುವ ಊರಿನವರೇ ಹೀಗೆ ಮಾಡಿದರೆ ತಮ್ಮ ಕಾಲಮೇಲೆ ತಾವೇ ಕಲ್ಲು ಹಾಕಿಕೊಂಡಂತೆ. ಹೊಸ ನಿಲುಗಡೆಗಳನ್ನು ಬಹುತೇಕ ‘ಪ್ರಾಯೋಗಿಕ’ ಎಂದೇ ಕೊಡುತ್ತಾರೆ. ಆರು ತಿಂಗಳು ಕಳೆದ ಮೇಲೆ ಟಿಕೆಟ್ ಎಷ್ಟು ಖರ್ಚಾಯಿತು ಎಂದು ನೋಡಿ ಮುಂದುವರಿಸುವುದೋ ಬಿಡುವುದೋ ನಿರ್ಧಾರವಾಗುತ್ತದೆ.

ಈ ಹಳಿಯ ಚರಿತ್ರೆಯನ್ನು ತಿರುವಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇಲ್ಲಿಯ ನಿಲ್ದಾಣಗಳಲ್ಲಿ ಜನ ಏರಿದ್ದೂ ಇಳಿದದ್ದೂ ಬಹುಪಾಲು ಎಲ್ಲೋ ದೂರದಲ್ಲಿ ತೆಗೆದುಕೊಂಡ ನಿರ್ಧಾರಗಳಿಂದ. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಆ ದಶಕದಲ್ಲೇ ಬೆಳಗಾವಿ, ಖಾನಾಪುರ, ಲೋಂಡಾಗಳಿಗೆ ಮೀಟರ್ ಗೇಜ್ ಹಳಿ ತಂದಿತು. ಲೋಂಡಾದಿಂದ ಕ್ಯಾಸಲ್‌ರಾಕ್ ಘಟ್ಟ ಇಳಿದು ಪೋರ್ಚುಗೀಸರ ಮುರ್ಮುಗೋವಾ ಬಂದರಿಗೆ ದಾರಿಯಾಯಿತು. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆದಾಗ, ದೇಶದ ಮೂಲೆ ಮೂಲೆಯಿಂದ ಪ್ರತಿನಿಧಿಗಳು ಬಂದಿದ್ದು ಹೆಚ್ಚಾಗಿ ಈ ಕಿರುಹಳಿಯ ಮೇಲೆಯೇ.

ಲೋಂಡಾದ ಕತೆ ಇನ್ನೂ ಸ್ವಾರಸ್ಯದ್ದು. ಖಾನಾಪುರ ತಾಲ್ಲೂಕಿನ ಕಾಡಿನ ನಡುವೆ ಇರುವ ಈ ಜಂಕ್ಷನ್ನು ಊರಿಗಾಗಿ ಹುಟ್ಟಿದ್ದಲ್ಲ. ರೈಲಿಗಾಗಿ ಊರು ಹುಟ್ಟಿತು. ಮಿರಜ ಕಡೆಯಿಂದ, ಹುಬ್ಬಳ್ಳಿ ಕಡೆಯಿಂದ, ಗೋವಾ ಕಡೆಯಿಂದ ಬಂದವರು ಇಲ್ಲಿ ಗಾಡಿ ಬದಲಿಸುತ್ತಿದ್ದರು. ಚಹಾ, ತಿಂಡಿ, ಹಮಾಲರು, ರೈಲ್ವೆ ಕ್ವಾರ್ಟರ್ಸು, ಅದರ ಸುತ್ತ ಒಂದು ಪೇಟೆ. 1955ರಲ್ಲಿ ಭಾರತ ಸರ್ಕಾರ ಗೋವಾದ ಮೇಲೆ ಆರ್ಥಿಕ ದಿಗ್ಬಂಧನ ಹೇರಿದಾಗ ಗಡಿ ದಾಟುವ ರೈಲು ನಿಂತಿತು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾದ ನಂತರ ಆ ದಾರಿ ಮತ್ತೆ ತೆರೆಯಿತು. 1992ರಲ್ಲಿ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಸಚಿವರಾಗಿದ್ದಾಗ ಏಕರೂಪ ಗೇಜ್ ಯೋಜನೆ ಬಂತು. ಆ ದಶಕದಲ್ಲಿ ಇಲ್ಲಿಯ ಹಳಿಗಳೂ ಬ್ರಾಡ್ ಗೇಜ್ ಆದವು, ನೇರ ಗಾಡಿಗಳು ಬಂದವು, ಲೋಂಡಾದಲ್ಲಿ ಇಳಿದು ಬದಲಿಸುವ ಕೆಲಸ ತಪ್ಪಿತು. 1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದಾಗ, ಮುಂಬೈಯಿಂದ ಮಿರಜ–ಬೆಳಗಾವಿ ಸುತ್ತಿ ಗೋವಾಕ್ಕೆ ಹೋಗುತ್ತಿದ್ದವರು ಕರಾವಳಿ ಹಿಡಿದರು.

ಗೋವಾಕ್ಕೆ ಹೋಗುವವರು ಕಡಿಮೆಯಾಗಿದ್ದರೇ? ಇಲ್ಲವೇ ಇಲ್ಲ, ಹತ್ತುಪಟ್ಟು ಹೆಚ್ಚಿರಬೇಕು. ಆದರೂ ಲೋಂಡಾ ಪ್ಲಾಟ್‌ಫಾರ್ಮಿನ ಗದ್ದಲ ಅಡಗಿತು. ಬರೀ ಅಂಕಿ ನೋಡುವವನಿಗೆ ಇದು ಸೋತ ನಿಲ್ದಾಣ ಎನಿಸುತ್ತದೆ.

ಖಾನಾಪುರಕ್ಕೆ ದೊಡ್ಡ ಏಟು ಬಿದ್ದದ್ದು 2020ರಲ್ಲಿ. ಮಾರ್ಚ್ ಕೊನೆಗೆ ದೇಶದ ಎಲ್ಲ ಪ್ರಯಾಣಿಕ ಗಾಡಿಗಳೂ ನಿಂತವು. 2018–19ರಲ್ಲಿ ಭಾರತೀಯ ರೈಲ್ವೆ ಸುಮಾರು 844 ಕೋಟಿ ಪ್ರಯಾಣಿಕರನ್ನು ಸಾಗಿಸಿತ್ತು. 2020–21ರಲ್ಲಿ ಅದು 125 ಕೋಟಿಗೆ ಕುಸಿಯಿತು. 2022–23ರಲ್ಲಿ 640 ಕೋಟಿಯ ಆಸುಪಾಸಿಗೆ ಏರಿತಾದರೂ ಹಳೆಯ ಮಟ್ಟ ಮುಟ್ಟಲಿಲ್ಲ. ಮರಳಿ ಬಂದ ಗಾಡಿಗಳು ಹಳೆಯ ಹಾಗೆ ಮರಳಲಿಲ್ಲ ಎಂಬುದು ಇದಕ್ಕೆ ಒಂದು ಮುಖ್ಯ ಕಾರಣ. ಗಾಡಿಗಳು ಖಾಲಿ ನಿಂತಿದ್ದ ಆ ಅವಧಿಯಲ್ಲೇ ‘ಶೂನ್ಯ ಆಧಾರಿತ ವೇಳಾಪಟ್ಟಿ’ ಎಂಬ ಹೊಸ ಲೆಕ್ಕಾಚಾರ ನಡೆದು, ಹತ್ತಿಳಿಯುವವರು ಕಡಿಮೆ ಇರುವ ಕಡೆ ದೂರದ ಗಾಡಿಗಳ ನಿಲುಗಡೆ ಕತ್ತರಿಸಲಾಯಿತು. ಪ್ಯಾಸೆಂಜರ್ ಗಾಡಿಗಳಿಗೆ ‘ವಿಶೇಷ ಎಕ್ಸ್‌ಪ್ರೆಸ್’ ಎಂದು ನಾಮಕರಣವಾಯಿತು. ಹಳಿ ಅದೇ, ಡಬ್ಬಿ ಅದೇ, ವೇಗವೂ ಅದೇ; ಕನಿಷ್ಠ ದರ ಮಾತ್ರ 10 ರೂಪಾಯಿಯಿಂದ 30ಕ್ಕೆ ಏರಿತು. ಸೀಸನ್ ಪಾಸ್ ಕೂಡ ಬಹುಕಾಲ ಬಂದ್.

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿ.ಮೀ. ಅಷ್ಟು ದೂರಕ್ಕೆ ಮೂರುಪಟ್ಟು ದುಡ್ಡು, ಅದೂ ಹೊತ್ತಿಗೆ ಸಿಗದ ಗಾಡಿಗೆ. ದಿನಾ ಅಪ್-ಡೌನ್ ಮಾಡುವವರು ಏನು ಮಾಡಿಯಾರು? ಹಳೆಯ ದರ ಮತ್ತೆ ಜಾರಿಗೆ ಬಂದದ್ದು 2024ರ ಫೆಬ್ರುವರಿ ಕೊನೆಗೆ. ನಾಲ್ಕು ವರ್ಷ ಎಂದರೆ ಒಬ್ಬ ಹುಡುಗಿ ಪಿಯುಸಿ ಎರಡನೇ ವರ್ಷಕ್ಕೆ ಸೇರಿ, ಪದವಿ ಮುಗಿಸಿ ಹೊರಬೀಳುವ ಕಾಲ. ಒಂದು ಇಡೀ ತಲೆಮಾರಿನ ವಿದ್ಯಾರ್ಥಿಗಳು ಖಾನಾಪುರ ಸ್ಟೇಶನ್ನಿನ ಕಡೆ ತಿರುಗಿ ನೋಡದೆಯೇ ಓದು ಮುಗಿಸಿದರು. ರೂಢಿ ಒಮ್ಮೆ ತಪ್ಪಿದರೆ ದರ ಇಳಿಸಿದ ಮಾತ್ರಕ್ಕೆ ಮರಳುವುದಿಲ್ಲ.

ಆ ನಡುವೆ ರಸ್ತೆಯೂ ಬದಲಾಯಿತು. ಗೋವಾ ಹೆದ್ದಾರಿಯ ಬೆಳಗಾವಿ–ಖಾನಾಪುರ ಭಾಗ ಚತುಷ್ಪಥವಾಯಿತು, ಗಣೇಬೈಲಿನಲ್ಲಿ ಟೋಲ್ ನಾಕಾ ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಾಗಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಬಸ್ಸು ಉಚಿತವಾದ ಮೇಲೆ 10 ರೂಪಾಯಿ ಕೊಟ್ಟು ರೈಲಿಗೆ ಯಾರು ಬರುತ್ತಾರೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೆಳಗ್ಗೆ ಎಂಟರ ಹೊತ್ತಿಗೆ ಖಾನಾಪುರ ಬಸ್ ನಿಲ್ದಾಣದಲ್ಲಿ ಒಂದಿಷ್ಟು ಹೊತ್ತು ನಿಂತರೆ ಅರ್ಧ ಉತ್ತರ ಸಿಗುತ್ತದೆ. ಬಸ್ಸು ಇನ್ನೂ ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಕರವಸ್ತ್ರ, ಪುಸ್ತಕದ ಚೀಲ ಒಳಗೆ ತೂರುತ್ತವೆ. ಬಾಗಿಲಲ್ಲಿ ಕಂಡಕ್ಟರು ‘ಒಳಗ ಸರೀರಿ’ ಎಂದು ಕೂಗುತ್ತಲೇ ಇರುತ್ತಾನೆ. ಬುಟ್ಟಿ ಹಿಡಿದ ಹೆಂಗಸರು ಮುಂದಿನ ಬಸ್ಸಿಗೆಂದು ಹಿಂದೆ ಸರಿಯುತ್ತಾರೆ. ಮಳೆಗಾಲದಲ್ಲಂತೂ ಮಲಪ್ರಭೆಯ ದಂಡೆಯ ಈ ಊರಿನಲ್ಲಿ ಕೊಡೆ, ಕಂಬಳಿಕೊಪ್ಪೆಗಳ ನಡುವೆ ಕಾಲಿಡಲು ಜಾಗವಿರುವುದಿಲ್ಲ. ಪ್ರಯಾಣಿಕರಿಗೆ ಬರವಿಲ್ಲ. ಅವರು ರೈಲ್ವೆಯ ಪುಸ್ತಕದ ಹೊರಗಿದ್ದಾರೆ, ಅಷ್ಟೇ.

ಬೆಳಗಾವಿಯ ಚಿತ್ರ ಇದಕ್ಕೆ ತಿರುಗುಮುರುಗು. 2019ರ ಮೇ ಕೊನೆಗೆ ಸುರೇಶ ಅಂಗಡಿ ರೈಲ್ವೆ ರಾಜ್ಯ ಸಚಿವರಾದರು. ಜೂನ್ ಮುಗಿಯುವುದರೊಳಗೆ ಬೆಳಗಾವಿಯಿಂದಲೇ ಹೊರಡುವ ಬೆಂಗಳೂರು ರಾತ್ರಿ ಗಾಡಿ ಹಳಿಯ ಮೇಲಿತ್ತು. ಅಲ್ಲಿಯವರೆಗೆ ಮಿರಜ ಕಡೆಯಿಂದ ತುಂಬಿ ಬರುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಸೀಟಿಗಾಗಿ ಪರದಾಡುತ್ತಿದ್ದವರಿಗೆ ಊರಿನದೇ ಗಾಡಿ ಸಿಕ್ಕಿತು. ಬಸ್ಸಿನಲ್ಲಿ ರಾತ್ರಿ ಕಳೆಯುತ್ತಿದ್ದ ವ್ಯಾಪಾರಸ್ಥರು, ಸಚಿವಾಲಯಕ್ಕೆ ಓಡಾಡುವ ನೌಕರರು, ಬೆಂಗಳೂರಿನ ಕಂಪನಿಗಳಲ್ಲಿರುವ ಹುಡುಗರು ಎಲ್ಲರೂ ಅತ್ತ ವಾಲಿದರು. ಬೇಡಿಕೆ ಮೊದಲೂ ಇತ್ತು, ಗಾಡಿ ಬಂದ ಮೇಲೆ ಕಣ್ಣಿಗೆ ಕಂಡಿತು. 2023ರ ಫೆಬ್ರುವರಿ 27ರಂದು ಸುಮಾರು 190 ಕೋಟಿ ರೂಪಾಯಿ ವೆಚ್ಚದ ಹೊಸ ನಿಲ್ದಾಣ ಕಟ್ಟಡವೂ, ಸುಮಾರು 930 ಕೋಟಿ ವೆಚ್ಚದ ಲೋಂಡಾ–ಬೆಳಗಾವಿ–ಘಟಪ್ರಭಾ ಜೋಡಿಹಳಿಯೂ ಒಂದೇ ದಿನ ಉದ್ಘಾಟನೆಯಾದವು.

ಆ ಜೋಡಿಹಳಿ ಬೆಳಗಾವಿಗಿಂತ ಖಾನಾಪುರಕ್ಕೆ ಹೆಚ್ಚು ಉಪಕಾರಿಯಾಗಬೇಕಿತ್ತು. ಒಂದೇ ಹಳಿ ಇದ್ದಾಗ ಪ್ಯಾಸೆಂಜರ್ ಗಾಡಿಯ ಪಾಡು ಯಾರಿಗೂ ಬೇಡ. ದೇಸೂರಿನಲ್ಲೋ ಇದಲಹೊಂಡದಲ್ಲೋ ಕ್ರಾಸಿಂಗಿಗೆಂದು ನಿಲ್ಲಿಸಿ, ಎದುರಿನ ಎಕ್ಸ್‌ಪ್ರೆಸ್ಸು, ಅದರ ಹಿಂದೊಂದು ಗೂಡ್ಸು ಹೋದ ಮೇಲೆ ಬಿಡುತ್ತಿದ್ದರು. ಹೊಸ ಗಾಡಿ ಕೇಳಿದರೆ ಹಳಿಯಲ್ಲಿ ಜಾಗವಿಲ್ಲ ಎಂಬ ಉತ್ತರ ಸಿದ್ಧವಿರುತ್ತಿತ್ತು. ಈಗ ಎರಡು ಹಳಿ ಇದೆ, ಮೇಲೆ ವಿದ್ಯುತ್ ತಂತಿ ಇದೆ. ಬೆಳಗಾವಿ–ಲೋಂಡಾ ನಡುವೆ ಬೆಳಗ್ಗೆ ಒಂದು, ಸಂಜೆ ಒಂದು ಮೆಮು ಓಡಿಸಲು ಅಡ್ಡಿ ಏನು?

ಹಾಗೆಂದು ಗಾಡಿ ಬಿಟ್ಟ ಮರುದಿನವೇ ಬಸ್ಸು ಖಾಲಿಯಾಗುತ್ತದೆ ಎನ್ನುವುದೂ ಮರುಳು. ಖಾನಾಪುರ ಕಡೆಯಿಂದ ಬರುವವರಲ್ಲಿ ಅನೇಕರಿಗೆ ಬೆಳಗಾವಿ ಸ್ಟೇಶನ್ ಬೇಕಿಲ್ಲ. ಅವರಿಗೆ ಬೇಕಾದದ್ದು ಮಚ್ಛೆಯ ಕಾರ್ಖಾನೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಉದ್ಯಮಬಾಗದ ಫೌಂಡ್ರಿ, ಟಿಳಕವಾಡಿಯ ಕಾಲೇಜುಗಳು. ಇವೆಲ್ಲ ಖಾನಾಪುರ ರಸ್ತೆಗೆ ಅಂಟಿಕೊಂಡಿವೆ, ಬಸ್ಸು ಗೇಟಿನ ಮುಂದೆಯೇ ಇಳಿಸುತ್ತದೆ. ರೈಲಿನಲ್ಲಿ ಬಂದರೆ ದಂಡು ಪ್ರದೇಶದ ಹತ್ತಿರದ ನಿಲ್ದಾಣದಲ್ಲಿ ಇಳಿದು, ಆಟೊ ಹಿಡಿದು ವಾಪಸ್ಸು ಬರಬೇಕು. ಹಳಿ ಮಾತ್ರ ಇದೇ ಪ್ರದೇಶದ ಆಸುಪಾಸಿನಲ್ಲೇ ಹಾದುಹೋಗುತ್ತದೆ. ಟಿಳಕವಾಡಿಯ ಗೇಟುಗಳಲ್ಲಿ ಬೈಕು ನಿಲ್ಲಿಸಿಕೊಂಡು ಗಾಡಿ ಹೋಗುವುದನ್ನು ಕಾದವರಿಗೆಲ್ಲ ಇದು ಗೊತ್ತು. ಉದ್ಯಮಬಾಗ–ಮಚ್ಛೆ ನಡುವೆ ಒಂದು ಹಾಲ್ಟ್ ಮಾಡಿದರೆ ಮೆಮು ಗಾಡಿಗೆ ಅರ್ಥ ಬರುತ್ತದೆ. ಬರೀ ಪ್ಲಾಟ್‌ಫಾರ್ಮು, ಒಂದು ಶೆಡ್ಡು, ಒಂದು ಟಿಕೆಟ್ ಯಂತ್ರ ಸಾಕು. 190 ಕೋಟಿಯ ಕಟ್ಟಡ ಯಾರೂ ಕೇಳುವುದಿಲ್ಲ.

ಖಾನಾಪುರದಿಂದ ಆಚೆಗೆ ಹೋದಷ್ಟೂ ರೈಲಿನ ಅಗತ್ಯ ಹೆಚ್ಚು, ಅಂಕಿ ಕಡಿಮೆ. ಗುಂಜಿ, ನಾಗರಗಾಳಿ, ತಾವರಗಟ್ಟಿಯಂಥ ಕಾಡಂಚಿನ ನಿಲ್ದಾಣಗಳಲ್ಲಿ ದಿನಕ್ಕೆ ಹತ್ತುವವರನ್ನು ಬೆರಳಲ್ಲಿ ಎಣಿಸಬಹುದು. ಆದರೆ ಅವರಲ್ಲಿ ಆಸ್ಪತ್ರೆಗೆ ಹೊರಟ ಬಸುರಿ ಇದ್ದರೆ ಅವಳಿಗೆ ಬದಲಿ ದಾರಿ ಯಾವುದು ಎಂದು ಟಿಕೆಟಿನ ಲೆಕ್ಕ ಹೇಳುವುದಿಲ್ಲ.

ಎಣಿಕೆಯನ್ನು ಕಣ್ಣುಮುಚ್ಚಿ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಪಾಠವೇ ಇದೆ. 1963ರಲ್ಲಿ ರಿಚರ್ಡ್ ಬೀಚಿಂಗ್ ಅಲ್ಲಿಯ 2,363 ನಿಲ್ದಾಣಗಳನ್ನು ಮುಚ್ಚಲು ಶಿಫಾರಸು ಮಾಡಿದರು. ಅದರ ಹಿಂದೆ ಇದ್ದದ್ದು 1961ರ ಏಪ್ರಿಲ್ ತಿಂಗಳ ಒಂದೇ ವಾರದ ಸಂಚಾರ ಗಣತಿ. ಬೇಸಿಗೆ ರಜೆಯಲ್ಲಿ ಕಿಕ್ಕಿರಿಯುವ ಕಡಲತೀರದ ಊರುಗಳು ಏಪ್ರಿಲಿನಲ್ಲಿ ಖಾಲಿಯೇ ಇರುತ್ತವಲ್ಲ ಎಂದು ಟೀಕಾಕಾರರು ಹೇಳಿದರು. ಅಷ್ಟರಲ್ಲಿ ಕೊಡಲಿ ಬೀಸಿಯಾಗಿತ್ತು. 1969ರಲ್ಲಿ ಮುಚ್ಚಿದ ಸ್ಕಾಟ್ಲೆಂಡಿನ ಗಡಿನಾಡ ಮಾರ್ಗದ ಒಂದು ಭಾಗವನ್ನು 2015ರಲ್ಲಿ ಹೊಸದಾಗಿ ಹಳಿ ಹಾಕಿ ತೆರೆಯಬೇಕಾಯಿತು. ಈಗ ಅದೇ ದೇಶ ಪ್ರತಿ ನಿಲ್ದಾಣದಲ್ಲಿ ಒಳಬಂದವರು, ಹೊರಹೋದವರು ಇಬ್ಬರ ಅಂದಾಜನ್ನೂ ವರ್ಷವರ್ಷ ಪ್ರಕಟಿಸುತ್ತದೆ. ಮ್ಯಾಂಚೆಸ್ಟರ್ ಹತ್ತಿರದ ಡೆಂಟನ್ ನಿಲ್ದಾಣ 2023–24ರಲ್ಲಿ ಇಡೀ ವರ್ಷಕ್ಕೆ 54 ಜನರೊಂದಿಗೆ ಪಟ್ಟಿಯ ತಳದಲ್ಲಿತ್ತು. ನಗುವ ಮುಂಚೆ ಅಲ್ಲಿಯ ಸೇವೆ ಎಷ್ಟೆಂದು ನೋಡಬೇಕು: ಗಾಡಿ ನಿಲ್ಲುತ್ತಿದ್ದದ್ದು ವಾರದಲ್ಲಿ ಒಂದೇ ದಿನ.

ಖಾನಾಪುರದ ದನಿ ಹುಬ್ಬಳ್ಳಿಯ ನೈರುತ್ಯ ರೈಲ್ವೆ ಕಚೇರಿಗೆ ಜೋರಾಗಿ ಕೇಳಿಸದಿರಲು ಇನ್ನೊಂದು ಕಾರಣವಿದೆ. ಅದನ್ನು ಬೆಳಗಾವಿಯಲ್ಲೇ ಅನೇಕರು ಮರೆಯುತ್ತಾರೆ. ಜಿಲ್ಲೆ ಬೆಳಗಾವಿಯಾದರೂ ಖಾನಾಪುರ ಮತ ಹಾಕುವುದು ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೆ. ಅದರ ಸಂಸದರು ಅಂಕೋಲಾ–ಹುಬ್ಬಳ್ಳಿ ಮಾರ್ಗ, ಕೊಂಕಣ ರೈಲ್ವೆ, ಇನ್ನೂ ಹಳಿಯನ್ನೇ ಕಾಣದ ಶಿರಸಿ ಎಂದು ಚಿಂತಿಸುವುದು ಸಹಜ. ಬೆಳಗಾವಿ ಸಂಸದರಿಗೆ ಖಾನಾಪುರ ಸ್ವಂತ ಕ್ಷೇತ್ರವಲ್ಲ. 2011ರ ಜನಗಣತಿಯಲ್ಲೇ ಎರಡೂವರೆ ಲಕ್ಷ ದಾಟಿದ ತಾಲ್ಲೂಕು ಹೀಗೆ ಇಬ್ಬರ ನಡುವೆ ಬಿದ್ದಿದೆ. 2025ರ ಮೇ ತಿಂಗಳಲ್ಲಿ ಅಮೃತ ಭಾರತ ಯೋಜನೆಯಡಿ ಉದ್ಘಾಟನೆಯಾದ ರಾಜ್ಯದ ಐದು ನಿಲ್ದಾಣಗಳಲ್ಲಿ ಗೋಕಾಕ ರೋಡ್ ಇತ್ತು, ಖಾನಾಪುರ ಇರಲಿಲ್ಲ.

ಮುಂದೆ ಬರಲಿರುವುದು ಇದಕ್ಕಿಂತ ದೊಡ್ಡದು. ಕಿತ್ತೂರಿನ ಮೇಲೆ ಹಾದುಹೋಗುವ ಬೆಳಗಾವಿ–ಧಾರವಾಡ ನೇರ ಮಾರ್ಗಕ್ಕೆ 2020ರ ಸೆಪ್ಟೆಂಬರಿನಲ್ಲಿ, ಸುರೇಶ ಅಂಗಡಿ ತೀರಿಕೊಂಡ ಅದೇ ತಿಂಗಳಲ್ಲಿ, ಮಂಜೂರಾತಿ ಸಿಕ್ಕಿತು. ಉದ್ದ 73 ಕಿ.ಮೀ., ಅಂದಾಜು ವೆಚ್ಚ ಆಗ 927 ಕೋಟಿ ರೂಪಾಯಿ. ಈಗ ಖಾನಾಪುರ, ಲೋಂಡಾ, ಅಳ್ನಾವರ ಸುತ್ತಿ ಹೋಗುವ ದಾರಿ 121 ಕಿ.ಮೀ. ಫಲವತ್ತಾದ ಜಮೀನು ಬಿಡಲು ಒಪ್ಪದ ದೇಸೂರು, ನಂದಿಹಳ್ಳಿ, ಗರ್ಲಗುಂಜಿ ಕಡೆಯ ರೈತರ ವಿರೋಧದಿಂದ ಭೂಸ್ವಾಧೀನ ವರ್ಷಗಟ್ಟಲೆ ಎಳೆಯಿತು. ಮಾರ್ಗ ಬೇಕು, ಅನುಮಾನವಿಲ್ಲ. ಕಿತ್ತೂರಿನಂಥ ಊರು ಇಷ್ಟು ಕಾಲ ರೈಲಿಲ್ಲದೆ ಉಳಿದದ್ದೇ ಹೆಚ್ಚು. ಆದರೆ ಅದು ಆದ ದಿನ ಹುಬ್ಬಳ್ಳಿ, ಬೆಂಗಳೂರು ಕಡೆಯ ವೇಗದ ಗಾಡಿಗಳೆಲ್ಲ ಅತ್ತ ತಿರುಗುವುದು ಖಚಿತ. ಖಾನಾಪುರ ಹಳಿಗೆ ಉಳಿಯುವುದು ಗೋವಾ ಗಾಡಿಗಳು, ಕೆಲವು ಪ್ಯಾಸೆಂಜರು, ಗೂಡ್ಸುಗಳು. ಕೊಂಕಣ ರೈಲ್ವೆ ಬಂದಾಗ ಲೋಂಡಾಕ್ಕೆ ಆದದ್ದು ಖಾನಾಪುರಕ್ಕೂ ಆಗುತ್ತದೆ, ಆಗ ಅಂಕಿ ಇನ್ನೂ ಕುಗ್ಗುತ್ತದೆ, ಕುಗ್ಗಿದ ಅಂಕಿಯನ್ನೇ ತೋರಿಸಿ ಉಳಿದ ನಿಲುಗಡೆಗಳನ್ನೂ ತೆಗೆಯಬಹುದು.

ಆದ್ದರಿಂದ ಕೇಳಬೇಕಾದದ್ದನ್ನು ಈಗಲೇ ಕೇಳಬೇಕು. ಹುಬ್ಬಳ್ಳಿ ವಿಭಾಗ ಬೆಳಗಾವಿಯಿಂದ ಲೋಂಡಾದವರೆಗಿನ ಪ್ರತಿ ನಿಲ್ದಾಣಕ್ಕೂ 2019ರ ಮತ್ತು ಈಗಿನ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ಪ್ರಕಟಿಸಲಿ: ದಿನಕ್ಕೆ ಎಷ್ಟು ಗಾಡಿ ನಿಲ್ಲುತ್ತಿತ್ತು, ಯಾವ ಹೊತ್ತಿಗೆ, ಎಷ್ಟು ಟಿಕೆಟ್ ಹೋಯಿತು, ಎಷ್ಟು ಜನ ಇಳಿದರು. ಖಾನಾಪುರದಿಂದ ಬೆಳಗ್ಗೆ ಎಂಟರ ಆಸುಪಾಸಿಗೆ ಹೊರಟು ಒಂಬತ್ತರೊಳಗೆ ಬೆಳಗಾವಿ ಸೇರುವ, ಸಂಜೆ ಆರರ ಸುಮಾರಿಗೆ ಮರಳುವ ಗಾಡಿಯೊಂದನ್ನು ಓಡಿಸಲಿ. ಅದನ್ನು ಅಳೆಯುವ ಅವಧಿ ಆರು ತಿಂಗಳಾದರೆ ಸಾಲದು. ಕಾಲೇಜು ಶುರುವಾಗುವ ಜೂನ್‌ನಿಂದ ಪರೀಕ್ಷೆ ಮುಗಿಯುವವರೆಗೆ ಒಂದು ಪೂರ್ತಿ ವರ್ಷ ಬೇಕು, ಏಕೆಂದರೆ ವಿದ್ಯಾರ್ಥಿಗಳು ವರ್ಷದ ಬಸ್ ಪಾಸ್ ಮಾಡಿಸುವುದೋ ಸೀಸನ್ ಪಾಸ್ ಮಾಡಿಸುವುದೋ ಎಂದು ತೀರ್ಮಾನಿಸುವುದು ಜೂನ್‌ನಲ್ಲೇ. ಬೆಳಗಾವಿ ಮತ್ತು ಉತ್ತರ ಕನ್ನಡದ ಸಂಸದರಿಬ್ಬರೂ ಈ ಒಂದು ಮನವಿಗೆ ಒಟ್ಟಿಗೆ ಸಹಿ ಹಾಕಿದರೆ ಮುಂದಿನ ವೇಳಾಪಟ್ಟಿ ಸಿದ್ಧವಾಗುವ ಮೊದಲೇ ಅದು ಹುಬ್ಬಳ್ಳಿ ತಲುಪಬಹುದು.